ಸೀಮೆ ಹಸುವಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು: ಎರಡು-ನಾಲ್ಕು ಹಸು ಕಟ್ಟಿದವರಿಗೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಹಸು ಚುಕ್ಕಿಯ ಹಾಲಿಗೆ ಡೇರಿಯಲ್ಲಿ ಮೂರು ವಾರ ಒಂದೇ ಸಮನೆ ಫ್ಯಾಟ್ (ಕೊಬ್ಬಿನ ಅಂಶ) ನೂರಕ್ಕೆ 3ರ ಆಸುಪಾಸಿನಲ್ಲೇ ಬಂತು. ಅದಕ್ಕೆ ಮೊದಲು 3.8 ಇರುತ್ತಿತ್ತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಫೀಡ್ಸ್ (ಹಿಂಡಿ, ನುಚ್ಚು, ಬೂಸಾ ಕಲೆಸಿದ ಪಶು ಆಹಾರ) ಜಾಸ್ತಿ ಹಾಕಿದೆ. ಫ್ಯಾಟ್ ಇನ್ನೂ ಇಳಿಯಿತು. ಕೊನೆಗೆ ಪಶು ಡಾಕ್ಟರನ್ನು ಕರೆಸಿದೆ. ಅವರು ಕೆಚ್ಚಲು ಮುಟ್ಟಿ ನೋಡಿದ್ದು ಆಮೇಲೆ. ಮೊದಲು ಹೋಗಿ ನಿಂತಿದ್ದು ಸಗಣಿ ಹತ್ತಿರ. ಒಂದು ಕಡ್ಡಿ ತಗೊಂಡು ಕೆದಕಿದರು.

"ಫೀಡ್ಸ್ ಎಷ್ಟು ಹಾಕ್ತೀರಿ?"

"ಹೊತ್ತಿಗೆ ಎರಡು ಡಬ್ಬ ಸಾರ್."

"ಡಬ್ಬ ಎಷ್ಟು ಕೆಜಿ ಹಿಡಿಯುತ್ತೆ?"

ನನಗೆ ಗೊತ್ತಿರಲಿಲ್ಲ. ಅವತ್ತು ಸಂಜೆ ಅಂಗಡಿಗೆ ಡಬ್ಬ ತಗೊಂಡು ಹೋಗಿ ತೂಗಿಸಿದೆ. ಗುಳಿಗೆ ಫೀಡ್ಸ್ ತುಂಬಿದರೆ 2 ಕೆಜಿ 200 ಗ್ರಾಂ. ಅದೇ ಡಬ್ಬದಲ್ಲಿ ಗೋಧಿ ಬೂಸಾ ತುಂಬಿದರೆ ಕಷ್ಟಪಟ್ಟು 1 ಕೆಜಿ. ಅಂದರೆ 11 ಲೀಟರ್ ಕೊಡುವ ಹಸುವಿಗೆ ದಿನಕ್ಕೆ ಒಂಬತ್ತು ಕೆಜಿ ಹತ್ತಿರ ಫೀಡ್ಸ್ ಸುರಿಯುತ್ತಿದ್ದೆ. ಬೇಕಾಗಿದ್ದು ಅದರ ಅರ್ಧ. ದುಡ್ಡೂ ಹೋಯಿತು, ಫ್ಯಾಟೂ ಹೋಯಿತು.

ಹಾಲಿನ ಖರ್ಚಿನಲ್ಲಿ ಮೇವು, ಹಿಂಡಿಯದೇ 60ರಿಂದ 70 ಭಾಗ. ಅದನ್ನು ಡಬ್ಬದಲ್ಲಿ, ಹೊರೆಯಲ್ಲಿ, ಅಂದಾಜಿನಲ್ಲಿ ಅಳೆದರೆ ಲಾಭ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುವುದೇ ಇಲ್ಲ. ಇಲ್ಲಿ ಬರೆದಿರುವುದು ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಲೆಕ್ಕ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅಥವಾ ಜೆರ್ಸಿ ಮಿಶ್ರತಳಿ, ದಿನಕ್ಕೆ 8ರಿಂದ 15 ಲೀಟರ್ ಹಾಲು, ರಾಗಿ ಹುಲ್ಲು, ಬೋರ್‌ವೆಲ್ ನೀರು. ನಾಟಿ ಹಸು, ಎಮ್ಮೆ ಸಾಕುವವರಿಗೆ ಅಂಕಿ ಬೇರೆಯಾಗುತ್ತದೆ.

ಹಂತ 1: ಹಸುವಿನ ತೂಕ ಹಿಡಿಯಿರಿ

ತೂಕ ಗೊತ್ತಿಲ್ಲದೆ ಮೇವಿನ ಲೆಕ್ಕ ಇಲ್ಲ. ತೂಕದ ಯಂತ್ರ ಬೇಡ, ಟೈಲರ್ ಟೇಪ್ ಸಾಕು. ಹಸು ನಾಲ್ಕು ಕಾಲ ಮೇಲೆ ಸಮನಾಗಿ ನಿಂತಿರಬೇಕು. ಮುಂಗಾಲಿನ ಹಿಂದೆ ಎದೆಯ ಸುತ್ತ ಟೇಪ್ ಹಾಕಿ ಇಂಚಿನಲ್ಲಿ ಅಳೆಯಿರಿ. ಆಮೇಲೆ ಭುಜದ ಮೂಳೆಯಿಂದ ಬಾಲದ ಪಕ್ಕ ಎದ್ದು ಕಾಣುವ ಮೂಳೆಯವರೆಗೆ ಉದ್ದ ಅಳೆಯಿರಿ. ಎದೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಇನ್ನೊಮ್ಮೆ ಗುಣಿಸಿ, ಬಂದಿದ್ದನ್ನು 660ರಿಂದ ಭಾಗಿಸಿ. ಕೆಜಿ ಸಿಗುತ್ತದೆ.

ಚುಕ್ಕಿಯ ಎದೆ 68 ಇಂಚು, ಉದ್ದ 58 ಇಂಚು. 68 × 68 × 58 ಅಂದರೆ 2,68,192. 660ರಿಂದ ಭಾಗಿಸಿದರೆ 406. ಸುಮಾರು 400 ಕೆಜಿ ಅಂತ ಇಟ್ಟುಕೊಳ್ಳೋಣ. ಹತ್ತಿಪ್ಪತ್ತು ಕೆಜಿ ಹೆಚ್ಚು ಕಡಿಮೆಯಾದರೂ ನಮ್ಮ ಕೆಲಸಕ್ಕೆ ತೊಂದರೆ ಇಲ್ಲ.

ಹಂತ 2: ಮೇವಿನಲ್ಲಿರುವ ನೀರು ಬಿಟ್ಟು ಲೆಕ್ಕ ಹಾಕಿ

ಹಾಲು ಕೊಡುವ ಹಸು ದಿನಕ್ಕೆ ತನ್ನ ತೂಕದ ನೂರಕ್ಕೆ 3ರಿಂದ 3.5ರಷ್ಟು ಒಣ ಅಂಶ ತಿನ್ನುತ್ತದೆ. 400 ಕೆಜಿ ಹಸುವಿಗೆ 12ರಿಂದ 14 ಕೆಜಿ. ಒಣ ಅಂಶ ಅಂದರೆ ಮೇವಿನಲ್ಲಿರುವ ನೀರು ತೆಗೆದರೆ ಉಳಿಯುವುದು. ಎಳೇ ನೇಪಿಯರ್ ಹುಲ್ಲು 10 ಕೆಜಿ ಹಾಕಿದರೆ ಅದರಲ್ಲಿ 8 ಕೆಜಿ ನೀರೇ. ರಾಗಿ ಹುಲ್ಲು, ಫೀಡ್ಸ್ ಹತ್ತು ಕೆಜಿಯಲ್ಲಿ ಒಂಬತ್ತು ಕೆಜಿ ಒಣ ಅಂಶ ಇರುತ್ತದೆ. "ಎರಡು ಹೊರೆ ಹಸಿ ಹುಲ್ಲು ಹಾಕಿದೀನಿ, ಆದ್ರೂ ಹೊಟ್ಟೆ ಒಳಗೇ ಇದೆ" ಅನ್ನುತ್ತಾರಲ್ಲ, ಕಾರಣ ಇದು.

12 ಲೀಟರ್ ಕೊಡುವಾಗ ಚುಕ್ಕಿಗೆ ನಾನು ಹಾಕುವುದು ಇಷ್ಟು:

- ಸೀಮೆಹುಲ್ಲು (ನೇಪಿಯರ್) 18 ಕೆಜಿ
- ಅಲಸಂದೆ ಅಥವಾ ಕುದುರೆ ಮೆಂತೆ (ಲೂಸರ್ನ್) 5 ಕೆಜಿ
- ರಾಗಿ ಹುಲ್ಲು 4ರಿಂದ 5 ಕೆಜಿ
- ಫೀಡ್ಸ್ 5 ಕೆಜಿ
- ಖನಿಜ ಮಿಶ್ರಣ 50 ಗ್ರಾಂ, ಉಪ್ಪು 30 ಗ್ರಾಂ

ಎಲ್ಲ ಸೇರಿ 13 ಕೆಜಿ ಹತ್ತಿರ ಒಣ ಅಂಶ. ಅದರಲ್ಲಿ ಮುಕ್ಕಾಲು ಅಲ್ಲದಿದ್ದರೂ ಅರ್ಧಕ್ಕಿಂತ ಜಾಸ್ತಿ ಹುಲ್ಲಿನಿಂದಲೇ ಬಂತು, ಗಮನಿಸಿ. ಅಲ್ಲೇ ಇರೋದು ಗುಟ್ಟು.

ಯಾಕೆ ಅಂದರೆ, ಹಸುವಿನ ದೊಡ್ಡ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ನಾವು ಮೇವು ಹಾಕುವುದು ಮೊದಲು ಅವುಗಳಿಗೆ. ಅವು ನಾರನ್ನು ಕೊಳೆಸಿ ಕೊಟ್ಟಿದ್ದರಿಂದ ಹಾಲಿಗೆ ಫ್ಯಾಟ್ ಬರುತ್ತದೆ. ಹುಲ್ಲು ತಿಂದರೆ ಹಸು ಮೆಲುಕು ಹಾಕುತ್ತದೆ, ಮೆಲುಕು ಹಾಕಿದರೆ ಜೊಲ್ಲು ಬರುತ್ತದೆ, ಆ ಜೊಲ್ಲಿನಲ್ಲಿರುವ ಸೋಡಾದಂಥ ಅಂಶ ಹೊಟ್ಟೆಯ ಹುಳಿ ಮುರಿಯುತ್ತದೆ. ಬರೀ ಹಿಟ್ಟು, ಫೀಡ್ಸ್ ತುಂಬಿದರೆ ಬೇಸಿಗೆಯಲ್ಲಿ ಮುಚ್ಚಿಟ್ಟ ದೋಸೆ ಹಿಟ್ಟಿನ ಥರ ಹೊಟ್ಟೆ ಹುಳಿ ಬರುತ್ತದೆ. ನಾರು ಕೊಳೆಸುವ ಜೀವಿಗಳು ಸಾಯುತ್ತವೆ. ಚುಕ್ಕಿಗೆ ಆಗಿದ್ದು ಇದೇ.

ಹಂತ 3: ಹಸಿರು ಮೇವು ಸರಿಯಾದ ವಯಸ್ಸಿಗೆ ಕೊಯ್ಯಿರಿ

ಕೋ-4, ಕೋ-5, ಸೂಪರ್ ನೇಪಿಯರ್, ನೇಪಿಯರ್‌ನ ಯಾವುದೇ ತಳಿ ಇರಲಿ, ನೆಟ್ಟ ಮೇಲೆ ಮೊದಲ ಕೊಯ್ಲು 60ರಿಂದ 75 ದಿನಕ್ಕೆ, ಆಮೇಲೆ 40-45 ದಿನಕ್ಕೊಮ್ಮೆ. ಹುಲ್ಲು ಆಳುದ್ದ ಬೆಳೆದು ನಿಂತರೆ ನೋಡೋಕೆ ಚೆಂದ, ಹೊರೆಯೂ ದೊಡ್ಡದು. ಆದರೆ ಕಾಂಡ ಕಬ್ಬಿನ ಹಾಗೆ ಗಟ್ಟಿಯಾಗಿ ಪ್ರೋಟೀನ್ ಇಳಿದಿರುತ್ತದೆ. ಗೊಂತಿನಲ್ಲಿ ಕಾಂಡದ ತುಂಡುಗಳು ಉಳಿಯುತ್ತಿವೆ ಅಂದರೆ ಕೊಯ್ಯುವುದು ತಡವಾಗಿದೆ ಅಂತಲೇ ಅರ್ಥ.

ಹೊಲವನ್ನು ಭಾಗ ಮಾಡಿಕೊಳ್ಳಿ. ಒಂದು ಕಡೆಯಿಂದ ಕೊಯ್ಯುತ್ತಾ ಹೋಗಿ ಕೊನೆ ಮುಟ್ಟುವ ಹೊತ್ತಿಗೆ ಮೊದಲನೇ ಸಾಲು ಮತ್ತೆ 45 ದಿನದ ಬೆಳೆಯಾಗಿರಬೇಕು. ಪ್ರತಿ ಕೊಯ್ಲಿನ ನಂತರ ಗೊಬ್ಬರ, ನೀರು ಕೊಡಿ. ಕೊಟ್ಟಿಗೆ ತೊಳೆದ ನೀರು, ಗಂಜಲ ಹುಲ್ಲಿನ ಸಾಲಿಗೇ ಹರಿಯುವ ಹಾಗೆ ಮಾಡಿದರೆ ಯೂರಿಯಾ ಚೀಲದ ಖರ್ಚು ಅಷ್ಟು ಕಡಿಮೆ.

ನೇಪಿಯರ್ ಒಂದನ್ನೇ ನಂಬಬೇಡಿ. ಜೊತೆಗೆ ದ್ವಿದಳ ಬೇಕು. ಅಲಸಂದೆ, ಹುರುಳಿ, ಕುದುರೆ ಮೆಂತೆ, ಬೇಲಿ ಉದ್ದಕ್ಕೂ ಅಗಸೆ ಮರ. ಐದು ಕೆಜಿ ಇಂಥ ಸೊಪ್ಪು ಹಾಕಿದರೆ ಹಿಂಡಿಯ ಖರ್ಚು ಇಳಿಯುತ್ತದೆ. ಎಳೇ ಸೊಪ್ಪನ್ನು ಮಾತ್ರ ಖಾಲಿ ಹೊಟ್ಟೆಗೆ ಹಾಕಬೇಡಿ, ಹೊಟ್ಟೆ ಉಬ್ಬರ ಬರುತ್ತದೆ. ಮೊದಲು ಒಣ ಹುಲ್ಲು, ಆಮೇಲೆ ಸೊಪ್ಪು. ಎಳೇ ಜೋಳದ ಪೈರನ್ನೂ ಹಾಕಬೇಡಿ, ಅದರಲ್ಲೂ ಮಳೆ ಇಲ್ಲದೆ ಬಾಡಿದ್ದನ್ನು. ಅದು ವಿಷ. ಜೋಳ ಹೂ ಬಿಟ್ಟ ಮೇಲೆ ಕೊಯ್ಯಿರಿ.

ಶಿಡ್ಲಘಟ್ಟ ಕಡೆ ರೇಷ್ಮೆ ಮಾಡುವವರ ಮನೆ ಹಸುಗಳಿಗೆ ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ-ಸೊಪ್ಪು ಹಾಕುತ್ತಾರೆ. ಒಳ್ಳೇ ಮೇವು. ಹುಳು ಮನೆಗೆ ಹಾಕಿದ ಸುಣ್ಣ, ಪುಡಿ ಅದಕ್ಕೆ ಅಂಟಿದ್ದರೆ ಬೇಡ.

ಒಣ ಮೇವಿನ ವಿಷಯಕ್ಕೆ ಬಂದರೆ ನಾವು ಪುಣ್ಯವಂತರು. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಎಷ್ಟೋ ಮೇಲು, ಕ್ಯಾಲ್ಸಿಯಂ ಚೆನ್ನಾಗಿದೆ. ಭತ್ತದ ಹುಲ್ಲಿನಲ್ಲಿ ಇರುವ ಆಕ್ಸಲೇಟ್ ಕ್ಯಾಲ್ಸಿಯಂ ಸಿಗದ ಹಾಗೆ ಮಾಡುತ್ತದೆ. ಬರೀ ಭತ್ತದ ಹುಲ್ಲು ಹಾಕುವವರು ಖನಿಜ ಮಿಶ್ರಣ ಒಂದು ದಿನವೂ ತಪ್ಪಿಸಬಾರದು. ಭತ್ತದ ಹುಲ್ಲಿನ ಗುಣ ಹೆಚ್ಚಿಸಲು 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು 40-50 ಲೀಟರ್ ನೀರಿನಲ್ಲಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಟಾರ್ಪಾಲ್ ಮುಚ್ಚಿ 21 ದಿನ ಇಡಬೇಕು. ತೆಗೆದ ಮೇಲೆ ಸ್ವಲ್ಪ ಹೊತ್ತು ಹರಡಿ, ವಾಸನೆ ಹೋದ ಮೇಲೆ ಹಾಕಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ನೀರಿನ ಬಕೆಟ್ ಹಸುವಿಗೆ ಸಿಗುವ ಜಾಗದಲ್ಲಿ ಬಿಟ್ಟರೆ ಹಸು ಉಳಿಯುವುದಿಲ್ಲ.

ಮಾರ್ಚ್‌ನಿಂದ ಮೇ ತನಕ ಹಸಿರು ಸಿಗದವರು ರಸಮೇವು (ಸೈಲೇಜ್, ಗಾಳಿಯಾಡದಂತೆ ಕಟ್ಟಿಟ್ಟ ಹಸಿರು ಮೇವು) ಮಾಡಿಟ್ಟುಕೊಳ್ಳಿ. ಮುಸುಕಿನ ಜೋಳದ ಕಾಳು ಹಾಲು ತುಂಬಿ ಹಿಟ್ಟಾಗುವ ಹೊತ್ತಿಗೆ ಕೊಯ್ದು, ಒಂದೆರಡು ಸೆಂಟಿಮೀಟರ್ ತುಂಡು ಮಾಡಿ, ಗಾಳಿ ಉಳಿಯದ ಹಾಗೆ ತುಳಿದು ಕಟ್ಟಿ. 45 ದಿನಕ್ಕೆ ಸಿದ್ಧ. ಕೈಯಲ್ಲಿ ಹಿಡಿದು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಬಿಟ್ಟಾಗ ಉಂಡೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕು. ತುಂಬುವಾಗಿನ ಪರೀಕ್ಷೆ ಅಷ್ಟೇ.

ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯುವ ಸಣ್ಣ ಗಿಡ) ಬಗ್ಗೆ ಕೇಳುತ್ತಾರೆ. ಒಳ್ಳೆಯದೇ. ಆದರೆ ನಾಲ್ಕು ಹಸುವಿಗೆ ಸಾಲುವಷ್ಟು ಬೆಳೆಯೋಕೆ ತೊಟ್ಟಿ, ನೆರಳು, ದಿನಾ ಆರೈಕೆ ಬೇಕು. ನಾನು ಒಂದು ವರ್ಷ ಮಾಡಿ ಬಿಟ್ಟೆ. ಅದೇ ಶ್ರಮ ಅಲಸಂದೆಗೆ ಹಾಕಿದರೆ ಜಾಸ್ತಿ ಮೇವು.

ಹಂತ 4: ಫೀಡ್ಸ್ ಹಾಲಿಗೆ ತಕ್ಕಂತೆ, ತೂಗಿ

ಸೂತ್ರ ಸರಳ: ಎರಡೂವರೆ ಲೀಟರ್ ಹಾಲಿಗೆ 1 ಕೆಜಿ ಫೀಡ್ಸ್. ಹಸಿರು ಮೇವು ಚೆನ್ನಾಗಿದ್ದರೆ ಮೈ ಪೋಷಣೆಗೆ ಬೇರೆ ಫೀಡ್ಸ್ ಬೇಡ. ಹಸಿರು ಇಲ್ಲದೆ ಬರೀ ಒಣ ಹುಲ್ಲಾದರೆ ಮೈಗೆ ಅಂತ ಒಂದೂವರೆ ಕೆಜಿ ಮೇಲೆ ಸೇರಿಸಿ. 12 ಲೀಟರಿಗೆ 5 ಕೆಜಿ, 8 ಲೀಟರಿಗೆ 3 ಕೆಜಿ ಚಿಲ್ಲರೆ. ಹಾಲು ಇಳಿಯುತ್ತಾ ಬಂದ ಹಾಗೆ ಫೀಡ್ಸೂ ಇಳಿಯಬೇಕು. ಆರನೇ ತಿಂಗಳಲ್ಲೂ ಎರಡನೇ ತಿಂಗಳ ಲೆಕ್ಕದಲ್ಲೇ ಹಾಕುವವರು ಬಹಳ ಜನ.

ಡೇರಿಯಲ್ಲಿ ಸಿಗುವ ಗುಳಿಗೆ ಫೀಡ್ಸ್ ಆಗುತ್ತದೆ. ಮನೆಯಲ್ಲೇ ಕಲೆಸುವುದಾದರೆ 100 ಕೆಜಿಗೆ: ಮುಸುಕಿನ ಜೋಳದ ನುಚ್ಚು 40, ಕಡ್ಲೆಕಾಯಿ ಹಿಂಡಿ ಮತ್ತು ಹತ್ತಿಕಾಳು ಹಿಂಡಿ ಸೇರಿ 30, ಗೋಧಿ ಬೂಸಾ ಅಥವಾ ತೌಡು 27, ಖನಿಜ ಮಿಶ್ರಣ 2, ಉಪ್ಪು 1. ಖನಿಜ, ಉಪ್ಪು ಇದರಲ್ಲೇ ಇರುವುದರಿಂದ ಬೇರೆ ಹಾಕಬೇಕಿಲ್ಲ. ಜೋಳ ನುಚ್ಚಾಗಿಯೇ ಇರಲಿ. ಇಡೀ ಕಾಳು ಹಾಕಿದರೆ ಹಾಗೇ ಸಗಣಿಯಲ್ಲಿ ಬರುತ್ತದೆ, ತೀರಾ ನುಣ್ಣಗೆ ಬೀಸಿದರೆ ಹೊಟ್ಟೆ ಹುಳಿ. ಬೂಷ್ಟು ಹಿಡಿದ ಕಡ್ಲೆಕಾಯಿ ಹಿಂಡಿ ಅಗ್ಗಕ್ಕೆ ಸಿಗುತ್ತೆ ಅಂತ ತರಬೇಡಿ. ಅದರ ವಿಷ ಹಾಲಿಗೂ ಇಳಿಯುತ್ತದೆ, ಆ ಹಾಲು ಮೊದಲು ಕುಡಿಯುವುದು ನಮ್ಮ ಮನೆ ಮಕ್ಕಳೇ.

ಫೀಡ್ಸ್ ಬದಲಾಯಿಸುವಾಗ ಒಂದೇ ದಿನಕ್ಕೆ ಬದಲಾಯಿಸಬೇಡಿ. ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಏಳರಿಂದ ಹತ್ತು ದಿನ ತಗೊಳ್ಳಿ. ದಿನದ ಫೀಡ್ಸನ್ನು ಎರಡು ಮೂರು ಸಲಕ್ಕೆ ಹಂಚಿ.

ಹಬ್ಬದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಂಕ್ರಾಂತಿಗೆ ಹಸುವಿಗೆ ಪೊಂಗಲ್ ತಿನ್ನಿಸುತ್ತೇವೆ. ಒಂದು ಹಿಡಿ, ಬಾಳೆ ಎಲೆ ಸಮೇತ, ಸರಿ. ಮದುವೆ ಮನೆಯಲ್ಲಿ ಉಳಿದ ಅನ್ನ ಅಂತ ಒಂದು ಬಕೆಟ್ ಸುರಿದರೆ ಮರುದಿನ ಹಸು ಮೇವು ಬಿಟ್ಟು, ಹಲ್ಲು ಕಡಿಯುತ್ತಾ, ಹುಳಿ ವಾಸನೆಯ ನೀರು ಸಗಣಿ ಹಾಕುತ್ತಾ ಮಲಗಿರುತ್ತದೆ. ಹಾಗಾದಾಗ ಕಾಯಬೇಡಿ, ಡಾಕ್ಟರನ್ನು ಕರೆಸಿ. ನಮ್ಮಮ್ಮನಿಗೆ ಇದನ್ನು ಒಪ್ಪಿಸೋಕೆ ನನಗೆ ಎರಡು ವರ್ಷ ಬೇಕಾಯಿತು. "ಅನ್ನ ತಿಂದು ಯಾರಾದ್ರೂ ಸಾಯ್ತಾರೇನೋ?" ಅನ್ನುತ್ತಿದ್ದರು.

ಹಂತ 5: ನೀರು

ಹಾಲಿನಲ್ಲಿ 87 ಭಾಗ ನೀರೇ. ಹಾಲು ಕೊಡುವ ಹಸು ದಿನಕ್ಕೆ 60ರಿಂದ 100 ಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಹೊತ್ತಿಗೆ ಎರಡು ಬಕೆಟ್ ತೋರಿಸಿ ಎತ್ತಿಕೊಂಡು ಹೋದರೆ ಸಾಲದು. ಹಗಲು ರಾತ್ರಿ ಎದುರಿಗೆ ನೀರಿರಲಿ. ಗೊಂತಿನ ಪಕ್ಕ ತೊಟ್ಟಿ ಕಟ್ಟಿಸಿ ಫ್ಲೋಟ್ ವಾಲ್ವ್ ಹಾಕಿಸಿದ ಮೇಲೆ ನಮ್ಮಲ್ಲಿ ಬೇರೇನೂ ಬದಲಿಸದೆ ಹಸುವಿಗೆ ಅರ್ಧ ಮುಕ್ಕಾಲು ಲೀಟರ್ ಹಾಲು ಏರಿತು. ತೊಟ್ಟಿಗೆ ತಿಂಗಳಿಗೊಮ್ಮೆ ಸುಣ್ಣ ಬಳಿಯಿರಿ. ಪಾಚಿ ಕಟ್ಟಿದ ನೀರನ್ನು ಹಸು ಮೂಸಿ ಬಿಡುತ್ತದೆ.

ಹಂತ 6: ಹಾಲು ಕರೆಯುವ ಹೊತ್ತು

ದಿನಾ ಅದೇ ಹೊತ್ತು, ಅದೇ ಕೈ. ಕೆಚ್ಚಲನ್ನು ಉಗುರು ಬೆಚ್ಚಗಿನ ನೀರಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ. ಒದ್ದೆ ಮೊಲೆ ಹಿಂಡಬೇಡಿ. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆ ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡಿ. ಮೊಸರಿನ ಚೂರಿನಂಥದ್ದು ಕಂಡರೆ ಕೆಚ್ಚಲು ಬಾವು ಶುರುವಾಗಿದೆ. ಕೆಚ್ಚಲು ತೊಳೆದ ಕೂಡಲೇ ಹಾಲು ತೊರೆಯುತ್ತದೆ, ಆ ತೊರೆ ಐದಾರು ನಿಮಿಷ ಅಷ್ಟೇ ಇರುವುದು. ಅಷ್ಟರೊಳಗೆ ಮುಗಿಸಿ. ಮಧ್ಯೆ ಫೋನ್ ಎತ್ತಿದಿರೋ, ನಾಯಿ ಬೊಗಳಿ ಹಸು ಬೆದರಿತೋ, ಉಳಿದ ಹಾಲು ಮೇಲೆ ಸೇರಿತು ಅಂತಲೇ.

ಹೆಬ್ಬೆರಳು ಮಡಚಿ ಹಿಂಡುವುದು ಬೇಡ, ಮುಷ್ಟಿಯಲ್ಲಿ ಹಿಡಿದು ಕರೆಯಿರಿ. ಪೂರ್ತಿ ಕರೆಯಿರಿ. ಮೊದಲ ಧಾರೆಯಲ್ಲಿ ಫ್ಯಾಟ್ ತೀರಾ ಕಡಿಮೆ, ಕೊನೇ ಧಾರೆಯಲ್ಲೇ ಗಟ್ಟಿ ಹಾಲು. ಅದನ್ನು ಕರುವಿಗೆ ಬಿಟ್ಟು ಡೇರಿಯಲ್ಲಿ ಫ್ಯಾಟ್ ಇಲ್ಲ ಅಂತ ಜಗಳ ಆಡುವವರನ್ನು ನೋಡಿದ್ದೇನೆ. ಕರುವಿಗೆ ಬಿಡುವುದಾದರೆ ಮೊದಲ ಹಾಲು ಬಿಡಿ.

ಕರೆದ ಮೇಲೆ ನಾಲ್ಕೂ ಮೊಲೆಗಳನ್ನು ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಆಮೇಲೆ ಗೊಂತಿಗೆ ಹುಲ್ಲು ಹಾಕಿ. ಈ ಹುಲ್ಲು ಹಾಕುವುದು ಸುಮ್ನೆ ಅಲ್ಲ. ಕರೆದ ಮೇಲೆ ಅರ್ಧ ಗಂಟೆ ಮೊಲೆಯ ತೂತು ತೆರೆದೇ ಇರುತ್ತದೆ. ಹಸು ಸಗಣಿ ಮೇಲೆ ಮಲಗಿದರೆ ರೋಗ ನೇರ ಒಳಗೆ. ಎದುರಿಗೆ ಹುಲ್ಲಿದ್ದರೆ ಅದು ನಿಂತೇ ಇರುತ್ತದೆ. ಕೆಚ್ಚಲು ಬಾವಿಗೆ ಸೂಜಿ ಹಾಕಿಸಿದರೆ ಡಾಕ್ಟರ್ ಹೇಳಿದಷ್ಟು ದಿನ ಆ ಹಾಲು ಡೇರಿಗೂ ಬೇಡ, ಮನೆಗೂ ಬೇಡ.

ಹಂತ 7: ಡೇರಿ ಚೀಟಿ ಮತ್ತು ಸಗಣಿ ಎರಡನ್ನೂ ಓದಿ

ನಮ್ಮಲ್ಲಿ ಪೂರ್ತಿ ದರ ಸಿಗುವುದು ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇದ್ದರೆ. ಎಸ್‌ಎನ್‌ಎಫ್ ಅಂದರೆ ನೀರು, ಫ್ಯಾಟ್ ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ. ಫ್ಯಾಟ್ ಬಿದ್ದರೆ ಮೊದಲು ಒಣ ಹುಲ್ಲು ಹೆಚ್ಚಿಸಿ, ಫೀಡ್ಸ್ ತೂಗಿ ನೋಡಿ. ಚಾಫ್ ಕಟರ್ (ಮೇವು ಕತ್ತರಿಸುವ ಯಂತ್ರ) ಬ್ಲೇಡನ್ನೂ ನೋಡಿ. ಹುಲ್ಲು ಹುಡಿಯಾಗಿ ಬೀಳುತ್ತಿದ್ದರೆ ಮೆಲುಕು ಕಡಿಮೆಯಾಗುತ್ತದೆ, ಒಂದು ಇಂಚಿನ ಮೇಲಿರಲಿ ತುಂಡು. ಎಸ್‌ಎನ್‌ಎಫ್ ಬಿದ್ದರೆ ಸಾಮಾನ್ಯವಾಗಿ ಹಸುವಿಗೆ ಹೊಟ್ಟೆಗೆ ಸಾಲುತ್ತಿಲ್ಲ. ಜೋಳದ ನುಚ್ಚು ಅರ್ಧ ಕೆಜಿ ಏರಿಸಿ, ಜಂತು ಔಷಧಿ ಕೊಟ್ಟು ಎಷ್ಟು ದಿನ ಆಯಿತು ನೋಡಿ, ಕೆಚ್ಚಲು ಬಾವು ಒಳಗೊಳಗೇ ಇದೆಯಾ ಪರೀಕ್ಷೆ ಮಾಡಿಸಿ.

ಸಗಣಿ ಹೇಳುವುದು ಇನ್ನೂ ಬೇಗ. ನೆಲಕ್ಕೆ ಬಿದ್ದಾಗ ರಾಗಿ ಅಂಬಲಿ ಥರ ಹರಡಿ, ಮೇಲೆ ಗುಳ್ಳೆ ಇದ್ದರೆ ಫೀಡ್ಸ್ ಜಾಸ್ತಿ. ಗಟ್ಟಿ ಉಂಡೆ ಉಂಡೆಯಾದರೆ ನೀರೋ ಪ್ರೋಟೀನೋ ಕಡಿಮೆ. ಒಂದೂವರೆ ಇಂಚು ದಪ್ಪ ಕೂತು, ನಡುವೆ ಚಿಕ್ಕ ಗುಣಿ ಬಿದ್ದರೆ ಸರಿಯಾಗಿದೆ. ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಮಲಗಿರುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಒಂದು ಉಂಡೆಗೆ ಎಷ್ಟು ಸಲ ಅಗಿಯುತ್ತೆ ಎಣಿಸಿ. ಐವತ್ತು, ಅರವತ್ತು ಇದ್ದರೆ ಚೆನ್ನ. ನಲವತ್ತಕ್ಕೇ ನುಂಗಿದರೆ ನಾರು ಸಾಲುತ್ತಿಲ್ಲ. ಅವತ್ತು ಚುಕ್ಕಿ ಮೂವತ್ತೈದಕ್ಕೆ ನುಂಗುತ್ತಿತ್ತು.

ಹಂತ 8: ಬತ್ತಿಸುವುದು, ಕರು ಹಾಕುವುದು

ಕರು ಹಾಕುವ ಮುಂಚೆ ಎರಡು ತಿಂಗಳು ಹಾಲು ಬತ್ತಿಸಲೇಬೇಕು. "ಇನ್ನೂ ಮೂರು ಲೀಟರ್ ಕೊಡ್ತಿದೆ" ಅಂತ ಕೊನೇ ತನಕ ಕರೆದರೆ ಮುಂದಿನ ಸೂಲಿನಲ್ಲಿ ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ. ಫೀಡ್ಸ್ ನಿಲ್ಲಿಸಿ, ಬರೀ ಒಣ ಹುಲ್ಲು ಹಾಕಿ ಕರೆಯುವುದನ್ನು ನಿಲ್ಲಿಸಿ. ಕೊನೇ ಸಲ ಕರೆದಾಗ ಡಾಕ್ಟರ್ ಹತ್ತಿರ ಕೆಚ್ಚಲಿಗೆ ಔಷಧಿ ಹಾಕಿಸಿ. ಕರು ಹಾಕಲು ಎರಡು ಮೂರು ವಾರ ಇದ್ದಾಗ ಫೀಡ್ಸ್ ಮತ್ತೆ ಶುರುಮಾಡಿ ನಿಧಾನಕ್ಕೆ 2 ಕೆಜಿಗೆ ತನ್ನಿ. ಈ ಸಮಯದಲ್ಲಿ ಕ್ಯಾಲ್ಸಿಯಂ ಬಾಟಲಿ ಕುಡಿಸಬೇಡಿ. ಹೊರಗಿನಿಂದ ಸಿಕ್ಕರೆ ಮೈ ತನ್ನ ಮೂಳೆಯಿಂದ ತೆಗೆಯುವುದನ್ನು ಮರೆತುಬಿಡುತ್ತದೆ, ಕರು ಹಾಕಿದ ದಿನ ಹಸು ಮಲಗುತ್ತದೆ.

ಅದೇ ಹಾಲು ಜ್ವರ. ಹೆಸರಲ್ಲಿ ಜ್ವರ ಇದೆ, ಮೈ ಮಾತ್ರ ತಣ್ಣಗಿರುತ್ತದೆ. ಕಿವಿ ತಣ್ಣಗೆ, ಕತ್ತು ಪಕ್ಕೆಗೆ ತಿರುಗಿಸಿ ಮಲಗಿದರೆ ತಡ ಮಾಡಬೇಡಿ, ರಕ್ತನಾಳಕ್ಕೆ ಕ್ಯಾಲ್ಸಿಯಂ ಹೋಗಬೇಕು. ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಪಶು ಆಂಬುಲೆನ್ಸ್‌ಗೆ 1962ಕ್ಕೆ ಫೋನ್ ಮಾಡಬಹುದು.

ಕರುವಿಗೆ ಗಿಣ್ಣು ಹಾಲು ಒಂದು ಗಂಟೆಯೊಳಗೆ. ಮಾಸು ಬೀಳಲಿ ಅಂತ ಕಾಯುವ ಪದ್ಧತಿ ನಮ್ಮ ಕಡೆ ಇದೆ, ಅದನ್ನು ಬಿಡಿ. 30 ಕೆಜಿ ಕರುವಿಗೆ ಮೊದಲ ದಿನ 3 ಲೀಟರ್, ಎರಡು ಮೂರು ಸಲಕ್ಕೆ. ಮಾಸು ಹನ್ನೆರಡು ಗಂಟೆಯಾದರೂ ಬೀಳದಿದ್ದರೆ ಡಾಕ್ಟರನ್ನು ಕರೆಸಿ, ಕಲ್ಲು ಕಟ್ಟಿ ಎಳೆಯಬೇಡಿ. ಕರು ಹಾಕಿದ ಮೇಲೆ ಫೀಡ್ಸ್ ಎರಡು ಮೂರು ದಿನಕ್ಕೆ ಅರ್ಧ ಕೆಜಿಯಂತೆ ಏರಿಸಿ.

ಹಂತ 9: ಬೆದೆ, ಬಿಸಿಲು, ಲಸಿಕೆ

ಕರು ಹಾಕಿ 60ರಿಂದ 90 ದಿನದೊಳಗೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದರೆ ವರ್ಷಕ್ಕೊಂದು ಕರುವಿನ ಆಸೆ ಇಟ್ಟುಕೊಳ್ಳಬಹುದು. ಬೆದೆ 21 ದಿನಕ್ಕೊಮ್ಮೆ. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೊಡಿಸಿ. ಎಚ್‌ಎಫ್ ಹಸುಗಳಲ್ಲಿ ಎಷ್ಟೋ ಸಲ ಕೂಗೇ ಇರುವುದಿಲ್ಲ, ರಾತ್ರಿ ಮಲಗುವ ಮುಂಚೆ ಟಾರ್ಚ್ ಹಾಕಿ ಲೋಳೆ ಇದೆಯಾ ನೋಡಿ. ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ.

ಬೇಸಿಗೆಯಲ್ಲಿ ಶೀಟ್ ಮೇಲೆ ತೆಂಗಿನ ಗರಿ ಹೊದಿಸಿ. ಮಧ್ಯಾಹ್ನ ಮೈಮೇಲೆ ನೀರು ಹಾಕಿದರೆ ಜೊತೆಗೆ ಗಾಳಿಯೂ ಬೇಕು, ಫ್ಯಾನ್ ಇಲ್ಲದ ಮುಚ್ಚಿದ ಕೊಟ್ಟಿಗೆಯಲ್ಲಿ ನೀರು ಸೆಕೆ ಹೆಚ್ಚಿಸುತ್ತದೆ. ಮೇವಿನ ದೊಡ್ಡ ಪಾಲನ್ನು ಬೆಳಗಿನ ಜಾವ ಮತ್ತು ರಾತ್ರಿಗೆ ಹಾಕಿ.

ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆ ಒಂದೇ ಸಲ. ಲಸಿಕೆ ಹಾಕಿಸಿದ ಮೇಲೆ ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯಬಹುದು, ಆ ಭಯಕ್ಕೆ ತಪ್ಪಿಸಬೇಡಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಕೊಟ್ಟಿಗೆ ಕೊಟ್ಟಿಗೆಯಲ್ಲಿ ಹಸು ಮಲಗಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಕ್ತ ಹೀರುವ ಉಣ್ಣೆ ಹುಳ ಕಿವಿ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ ಅಡಗಿರುತ್ತದೆ. ಔಷಧಿ ಹಸುವಿನ ಮೈಗಷ್ಟೇ ಅಲ್ಲ, ಗೋಡೆಯ ಬಿರುಕಿಗೂ ಹೊಡೆಯಿರಿ. ಮೊಟ್ಟೆ ಇರುವುದು ಅಲ್ಲಿ.